ಹಾಲಸ್ವಾಮಿ ಅಜ್ಜನಿಗೆ, ಸೈಕಲ್ ಅಂಗಡಿಯ ವಿಳಾಸಕ್ಕೆ

ತುಳಿತಗೇರಿ, ದಾವಣಗೆರೆ
ಫೆಬ್ರವರಿ ೩೦, ೨೧೭೪

ಅಜ್ಜ, ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡ. ದುಡಿಮೆಗೆ ಎರಡು ದಿನ ಹೆಚ್ಚು ಸಿಗಲೆಂದು ಫೆಬ್ರವರಿಗೂ ಮೂವತ್ತು ದಿನ ಮಾಡಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವೆನಿಸಬಹುದು, ಕ್ಷಮಿಸು. ನಾನು ಕೊಟ್ರೇಶಿ, ನಿನ್ನ ಮರಿಮೊಮ್ಮಗನ ಮೊಮ್ಮಗ. ನನಗೆ ನಲವತ್ತಾರು, ನಿನಗಿನ್ನೂ ಮೂವತ್ತೊಂದು. ಆದರೂ ಅಜ್ಜ ಅಜ್ಜನೇ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನು, ಪ್ರಾಸ ನನಗಂಟಿದ ಚಟ. ಅದನ್ನೂ ಕ್ಷಮಿಸು. ಅಂಗಡಿಯವನು ನಿನ್ನ ಕೈಗಿತ್ತ ಈ ಕಾಗದ ಬಂದದ್ದು ಹಿಂದಂಚೆಯಲ್ಲಿ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಮನೆಗೊಂದೇ ಕಾಗದ, ಜನ್ಮಕ್ಕೊಂದೇ ಸಲ. ಅದರ ಹಾಳೆಯ ಮೇಲೆ ಬಿದ್ದ ಅಕ್ಷರವನ್ನು ಅಳಿಸುವಂತಿಲ್ಲ, ಹಾಳೆಯನ್ನು ಹರಿಯುವಂತಿಲ್ಲ.

ಹರಿಹರದ ಗಿರಣಿಗೆ ದಿನಾ ಹೋಗಿಬರಲು ನಿನಗೊಂದು ಗಾಡಿ ಬೇಕು. ಎದುರಿಗೆ ಮೂರು ನಿಂತಿವೆ: ಕಾಲಲ್ಲಿ ತುಳಿಯುವುದು, ಬ್ಯಾಟರಿಯದು, ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿದ್ದು. ಪೆಟ್ರೋಲಿನದು ಒಂದೇ ಒಂದು ಉಳಿದಿದೆ. ತುಳಿದರೆ ಹೊಟ್ಟೆ ಕರಗೀತು, ಬ್ಯಾಟರಿಯಾದರೆ ಅಂಗಿ ಬೆವರದು, ಪೆಟ್ರೋಲಾದರೆ ಎದುರುಗಾಳಿಗೆ ಹೆದರಬೇಕಿಲ್ಲ ಎಂದು ನೀನು ಅಳೆಯುತ್ತಿದ್ದೀಯ. ನಿನ್ನ ಹೊಟ್ಟೆ ಹಾಗಿರಲಿ ಅಜ್ಜ, ನಮ್ಮ ಹಣೆಬರಹ ಕೇಳು.

ನಿನ್ನ ಕಾಲವಾದ ಮೇಲೆ ಒಂದು ದೊಡ್ಡ ಗಣತಿ ಆಯಿತು. ರಸ್ತೆಯಲ್ಲಿ ಯಾರಿಗೆ ಎಷ್ಟು ಜಾಗ ಎಂದು ತೀರ್ಮಾನಿಸಲು ಮನೆಮನೆಗೆ ಬಂದು, 'ನಿಮ್ಮ ಹಿರಿಯರದು ಯಾವ ಸೈಕಲ್ಲು?' ಎಂದು ಬರೆದುಕೊಂಡರು. ನಮ್ಮ ಜನಕ್ಕೆ ಒಂದು ಕಾಲಮ್ಮು ಸಿಕ್ಕರೆ ಸಾಕು, ಅದರಲ್ಲೊಂದು ಕುಲ ಕಾಣುತ್ತದೆ. ಕಾಲಮ್ಮು ಕುಲವಾಯಿತು, ಕುಲಕ್ಕೊಂದು ಕೇರಿಯಾಯಿತು, ಕೇರಿಗೊಂದು ದೇವರೂ ಆಯಿತು. ತುಳಿತದವರು, ತಂತಿಯವರು, ತೈಲದವರು. ಹುಟ್ಟಿದ ಮೇಲೆ ಬದಲಾಯಿಸುವಂತಿಲ್ಲ. ನಮ್ಮ ಕೇರಿಯ ಹುಡುಗ ಆಚೆ ಕೇರಿಯ ಹೆಣ್ಣು ಕೇಳಿದರೆ ಮೊದಲು ಅವನ ಹಲ್ಲು ಬೀಳುತ್ತದೆ, ಆಮೇಲೆ ಅವನೇ ಬೀಳುತ್ತಾನೆ.

ತಂತಿಯವರದು ನಡುವಿನ ಬದುಕು. ಕರೆಂಟು ದಿನಕ್ಕೆ ಅರ್ಧ ಗಂಟೆ. ಅಷ್ಟು ಚಾರ್ಜಿಗೆ ಹರಿಹರದ ಅರ್ಧದಾರಿ ಮುಟ್ಟಬಹುದು. ಹಾಗಾಗಿ ಅವರ ಮನೆ, ಮದುವೆ, ಮಸಣ ಎಲ್ಲಾ ಆ ಅರ್ಧದಾರಿಯಲ್ಲೇ. ಚಾರ್ಜರಿನ ವೈರನ್ನು ಕುತ್ತಿಗೆಗೆ ಸುತ್ತಿಕೊಂಡು ಶಾಲು ಹೊದ್ದ ಗತ್ತಿನಲ್ಲಿ ತಿರುಗುತ್ತಾರೆ. ತೈಲದವರು ದೊರೆಗಳು. ಪೆಟ್ರೋಲು ಮುಗಿದು ಎಪ್ಪತ್ತು ವರ್ಷವಾಯಿತು. ಅದರಿಂದ ಅವರ ಮರ್ಯಾದೆ ಏರಿದೆಯೇ ಹೊರತು ಇಳಿದಿಲ್ಲ. ಅವರು ಎಂಜಿನ್ ಸೈಕಲ್ಲಿನ ಮೇಲೆ ಕೂತು ಬಾಯಲ್ಲಿ 'ಭುರ್ರ್' ಅನ್ನುತ್ತಾರೆ, ತುಳಿತದವರಾದ ನಾವು ಹಿಂದಿನಿಂದ ತಳ್ಳುತ್ತೇವೆ. ಕಾಲಲ್ಲಿ ಬಲವಿರುವವರಿಗೆ ಸೀಟೇಕೆ ಎಂದು ನಮ್ಮ ಸೈಕಲ್ಲುಗಳನ್ನು ಎಂದೋ ಕಿತ್ತುಕೊಂಡರು. ಎಡಗೈಯಲ್ಲಿ ಬೆಲ್ಲು ಬಾರಿಸಬೇಕು, ಬಲಗೈಯಲ್ಲಿ ನೂಕಬೇಕು. 'ಭುರ್ರ್' ಜೋರಾದರೆ ನಾವೂ ಜೋರಾಗಬೇಕು.

ನಾನು ತಳ್ಳುವುದು ಮೃತ್ಯುಂಜಯಪ್ಪನವರನ್ನು. 'ಏನೋ ಕೊಟ್ರೇಶಿ, ಗೇರು ಬದಲಾಯಿಸೋ, ಮುದುಕನಾಗಿಬಿಟ್ಯಾ?' ಅನ್ನುತ್ತಾರೆ. 'ಆಯ್ತು ಧಣಿ' ಎಂದು ಇನ್ನೊಂದು ಭುಜ ಕೊಡುತ್ತೇನೆ. ಒಮ್ಮೆ ಸಿಟ್ಟಿನಲ್ಲಿ ಎರಡು ಸಾಲು ಕಟ್ಟಿದ್ದೆ: 'ಕೂತವರ ಕಾಲಿಗೆ ಕೆಸರಿಲ್ಲ, ನೂಕುವವರ ನೆರಳಿಗೂ ಹೆಸರಿಲ್ಲ.' ಅವರ ಕಿವಿಗೆ ಬಿತ್ತು. ಕೋಪ ಬರಲಿಲ್ಲ, ತುಂಬಾ ಹಿಡಿಸಿತು. ಈಗ ಪ್ರತಿ ಏರಿನಲ್ಲೂ ಅದನ್ನೇ ಹಾಡಿಸುತ್ತಾರೆ.

ನನ್ನ ಮಗಳು ಚಂಪಾಳಿಗೆ ಹದಿನೆಂಟು ತುಂಬಿತು. ಹುಟ್ಟಿನಿಂದ ಬಲಗಾಲು ಗಿಡ್ಡ. ಬರುವ ಸೋಮವಾರದಿಂದ ಅವಳ ಸರದಿ, ಹರಿಹರದ ತನಕ ತಳ್ಳಬೇಕು. ಮುಟ್ಟಿಸಲಾರದವರಿಗೆ ಹೊಸ್ತಿಲಬಂಧ, ಎಂದರೆ ಸಾಯುವ ತನಕ ಮನೆಯ ಹೊಸ್ತಿಲು ದಾಟುವಂತಿಲ್ಲ. ನಮ್ಮ ಕೇರಿಯಲ್ಲಿ ಕಿಟಕಿಗೊಂದು ಮುಖವಿದೆ. ನಾನು ಮಗಳ ಕಾಲು ತೋರಿಸಿ ಬೇಡಿಕೊಂಡೆ. ಮೃತ್ಯುಂಜಯಪ್ಪನವರು ಬಗ್ಗಿ ಪರೀಕ್ಷಿಸಿ, 'ಇನ್ನೊಂದು ಚೆನ್ನಾಗಿಯೇ ಇದೆಯಲ್ಲೋ' ಅಂದರು.

ಈಗ ನಿನ್ನ ತಪ್ಪಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಹೇಳುವ ಕಥೆ: ನೀನು ಪೆಟ್ರೋಲ್ ಸೈಕಲ್ಲಿನ ಹ್ಯಾಂಡಲ್ ಹಿಡಿದೇ ನಿಂತಿದ್ದೆಯಂತೆ. ಆದರೆ ಏನನ್ನೋ ಓದುತ್ತಾ ಮೈಮರೆತೆಯಂತೆ; ಬೆಲೆಪಟ್ಟಿ ಇರಬೇಕು. ಅಷ್ಟರಲ್ಲಿ ಪಕ್ಕದಲ್ಲಿದ್ದ ನಾಗಭೂಷಣ ಎಂಬಾತ ಅದನ್ನು ಕೊಂಡುಬಿಟ್ಟ. ನೀನು ತುಳಿಯುವ ಸೈಕಲ್ ಹಿಡಿದು ಮನೆಗೆ ಬಂದು, 'ಬೆಲ್ಲು ಪುಕ್ಕಟೆ ಕೊಟ್ಟ ಕಣೇ' ಎಂದು ಅಜ್ಜಿಗೆ ಹೇಳಿದೆಯಂತೆ. ಆ ನಾಗಭೂಷಣನ ಕುಡಿಯೇ ಮೃತ್ಯುಂಜಯಪ್ಪನವರು. ಆ ಬೆಲ್ಲೇ ಈಗ ನನ್ನ ಎಡಗೈಯಲ್ಲಿರುವುದು.

ನನ್ನ ಬೇಡಿಕೆ ಇಷ್ಟೇ. ಪೆಟ್ರೋಲಿನದನ್ನು ಕೊಂಡುಕೋ, ನಾಗಭೂಷಣನಿಗಿಂತ ಮೊದಲು. ಊರಿನ ಅನ್ಯಾಯ ಅಳಿಸೆಂದು ಕೇಳುತ್ತಿಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಕೂರುವವರು ನಾವಾಗಲಿ, ನೂಕುವವರು ಅವರಾಗಲಿ. ಮೃತ್ಯುಂಜಯಪ್ಪನವರಿಗೂ ಒಬ್ಬ ಮಗಳಿದ್ದಾಳೆ, ಸಂಪದ, ಚಂಪಾಳ ವಯಸ್ಸಿನವಳೇ. ಒಮ್ಮೆ ಅಪ್ಪ ಆಚೆ ತಿರುಗಿದಾಗ ನನಗೆ ಕುಡಿಯಲು ನೀರು ಕೊಟ್ಟಿದ್ದಳು. ಒಳ್ಳೆಯ ಹುಡುಗಿ. ತಳ್ಳಲಿ.

ಇಲ್ಲಿಗೆ ಮುಗಿಸಿ ಸಹಿ ಹಾಕುವವನಿದ್ದೆ. ಚಂಪಾ ನನ್ನ ಬೆನ್ನ ಹಿಂದೆ ನಿಂತು ಕಾಗದವನ್ನು ಮೊದಲಿಂದ ಓದಿದಳು. 'ಅಪ್ಪಾ, ಎರಡು ಸಾಲಲ್ಲಿ ಮುಗಿಯೋ ಮಾತಿಗೆ ಎಷ್ಟೊಂದು ಪ್ರಾಸ ಹಾಕಿದ್ದೀಯಲ್ಲಾ!' ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಕೇಳಿದಳು: 'ಅಜ್ಜ ಅಂಗಡಿಯಲ್ಲಿ ಮೈಮರೆತು ಓದ್ತಾ ಇದ್ದದ್ದು ಬೆಲೆಪಟ್ಟೀನೇನಾ?'

ಅಳಿಸುವಂತಿಲ್ಲ, ಹರಿಯುವಂತಿಲ್ಲ.

ಅಜ್ಜ, ತಲೆಯೆತ್ತಿ ನೋಡು. ನಾಗಭೂಷಣ ಪೆಟ್ರೋಲಿನದನ್ನು ಅಂಗಡಿಯ ಮೆಟ್ಟಿಲಿಳಿಸುತ್ತಿರಬೇಕು. ಹೋಗಲಿ, ಇನ್ನು ನಿನಗೆ ಅವಸರವಿಲ್ಲ. ಅಂಗಡಿಯವನು ಪುಕ್ಕಟೆ ಬೆಲ್ಲುಗಳ ಡಬ್ಬಿ ಮುಂದಿಟ್ಟಾಗ ಒಂದೊಂದನ್ನೂ ಬಾರಿಸಿ ನೋಡು. ಹೆಬ್ಬೆರಳಿಗೆ ಹಗುರವಾದದ್ದನ್ನೇ ಆರಿಸು. ಸೋಮವಾರದಿಂದ ಅದನ್ನು ಚಂಪಾ ಬಾರಿಸಬೇಕು.

ನಿನ್ನ ಕುಡಿ,
ಕೊಟ್ರೇಶಿ