ಡಿಪೋ ಮಣ್ಣಿನ ಮೊಟ್ಟೆ

ಫೆಬ್ರವರಿ 3, ಬೆಳಿಗ್ಗೆ

ಕೋಳಿ ಬಿಟ್ಟಾಯಿತು. ಕುಂಟಿ ಇವತ್ತೂ ಒಗೆಯುವ ಬಟ್ಟೆಯ ಬುಟ್ಟಿಯಲ್ಲೇ ಮೊಟ್ಟೆ ಇಟ್ಟಿದ್ದಾಳೆ, ಮಹಾರಾಣಿ.

ಪೈಪ್ ಹಾಕಲು ಗಾರೆಯವನು ಹಿತ್ತಿಲು ಅಗೆಯುತ್ತಿದ್ದಾನೆ. ಮೊಣಕಾಲುದ್ದ ಇಳಿದಿರಲಿಲ್ಲ, ಮೂಗು ಮುಚ್ಚಿಕೊಂಡು ಮೇಲೆ ಬಂದ. "ಏನಕ್ಕಾ ಇದು, ಗೆದ್ದಲು ಔಷಧಿ ವಾಸನೆ?" ಮಣ್ಣು ಬೂದು ಬಣ್ಣ. ಜಿಡ್ಡು ಜಿಡ್ಡು. ಅತ್ತೆ ಕಿಟಕಿಯಿಂದಲೇ ಕೂಗಿದರು: "ಮುಂಚೆ ಇದು ಟಿಂಬರ್ ಡಿಪೋ ಅಲ್ವಾ. ಗೆದ್ದಲು ಹಿಡೀದ ಹಾಗೆ ಮರಾನ ಔಷಧೀಲಿ ಅದ್ದೋ ತೊಟ್ಟಿ ಇಲ್ಲೇ ಎಲ್ಲೋ ಇತ್ತು." ಎಷ್ಟು ಸಲೀಸಾಗಿ ಹೇಳಿಬಿಟ್ಟರು!

ಅಗೆದ ಮಣ್ಣಿನ ಗುಡ್ಡೆಯ ಮೇಲೆ ಕೋಳಿಗಳು ಹೊರಳಾಡುತ್ತಿದ್ದವು. ಓಡಿಸಿದೆ. ಮತ್ತೆ ಬಂದವು.

ಫೆಬ್ರವರಿ 5

ಹಿತ್ತಿಲ ಮಣ್ಣು, ನಾಲ್ಕು ಮೊಟ್ಟೆ ಹಿಡಿದು ದನದ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ನಗುತ್ತಾರೇನೋ ಎಂದುಕೊಂಡಿದ್ದೆ. ನಗಲಿಲ್ಲ.

"ಕೋಳಿ ನೋಡೋಕೆ ಚೆನ್ನಾಗೇ ಇರುತ್ತೆ ಕಣಮ್ಮಾ. ಕೆದಕಿ ತಿಂದ ಮಣ್ಣಿನಿಂದ ಔಷಧಿ ಹೋಗಿ ಕೊಬ್ಬಲ್ಲಿ ಕೂರುತ್ತೆ. ಅಲ್ಲಿಂದ ಮೊಟ್ಟೆಯ ಹಳದಿಗೆ."

"ಚೆನ್ನಾಗಿ ಬೇಯಿಸಿದ್ರೆ?"

"ಬೇಯಿಸಿದ್ರೆ ಕ್ರಿಮಿ ಸಾಯುತ್ತೆ. ಔಷಧಿ ಸಾಯಲ್ಲ."

ಮಣ್ಣು, ಮೊಟ್ಟೆ ಎರಡೂ ಲ್ಯಾಬಿಗೆ ಹೋದವು. ರಿಪೋರ್ಟ್ ಬರುವವರೆಗೆ ಒಂದು ಮೊಟ್ಟೆಯನ್ನೂ ಯಾರಿಗೂ ಕೊಡಬೇಡಿ ಎಂದರು.

ನಾದಿನಿ... ಪಕ್ಕದ ಬೀದಿಯಲ್ಲೇ ಮನೆ. ಮಗುವಿಗೆ ಇನ್ನೂ ಎದೆಹಾಲು. ಅವಳು ಬಸುರಿಯಾದಾಗಿನಿಂದ ಅತ್ತೆ ದಿನವೂ ಮೊಟ್ಟೆ ಬೇಯಿಸಿ, ಡಬ್ಬಿಗೆ ಹಾಕಿ, ಮಗಳಿಗೆ ಕೊಟ್ಟು ಬರುತ್ತಾರೆ.

ಫೆಬ್ರವರಿ 6

"ನನ್ನ ಕೋಳೀನ ವಿಷ ಅಂತೀಯಾ? ಅಂಗಡಿ ಮೊಟ್ಟೆ ತಿಂದೋರೆಲ್ಲ ನೂರು ವರ್ಷ ಬಾಳ್ತಾರಾ?" ಅತ್ತೆಯ ದನಿ ಬೀದಿಗೆ ಕೇಳಿಸುವಷ್ಟಿತ್ತು. ಇವರು ಪೇಪರಿನಲ್ಲಿ ಮುಖ ಹುದುಗಿಸಿ ಕುಳಿತರು. ಪೇಪರ್ ತಲೆಕೆಳಗಾಗಿತ್ತು.

ಅತ್ತೆ ಡಬ್ಬಿ ಹಿಡಿದು ಹೊರಟೇಬಿಟ್ಟರು. ಬಾಗಿಲಲ್ಲಿ ಕಿತ್ತುಕೊಂಡೆ. ಈ ಮನೆಗೆ ಬಂದ ಮೇಲೆ ಅವರ ಕೈಯಿಂದ ಏನನ್ನೂ ಕಿತ್ತುಕೊಂಡದ್ದಿಲ್ಲ. ಇವತ್ತು ಬಿಡಲಿಲ್ಲ.

ನಾದಿನಿಗೆ ನಾನೇ ಹೋಗಿ ಹೇಳಿದೆ. ಅವಳು ಮೊದಲು ಮಗುವನ್ನು ನೋಡಿದಳು, ಆಮೇಲೆ ನನ್ನನ್ನು. "ಇಷ್ಟು ದಿನ ತಿಂದಿದ್ದು, ಅತ್ತಿಗೇ?" ಅವಳನ್ನು ಕರೆದುಕೊಂಡು ನೇರ ಮಕ್ಕಳ ಡಾಕ್ಟರ್ ಹತ್ತಿರ ಹೋದೆ. ಮೊಟ್ಟೆ ನಿಲ್ಲಿಸಿ, ಹಾಲು ನಿಲ್ಲಿಸಬೇಡಿ, ಮಗು ಚೆನ್ನಾಗಿ ಬೆಳೆಯುತ್ತಿದೆ ಎಂದರು. ವಾಪಸ್ ಬರುವಾಗ ಆಟೋದಲ್ಲಿ ದಾರಿಯುದ್ದಕ್ಕೂ ಅತ್ತಳು. ಮಗು ನನ್ನ ತೊಡೆಯ ಮೇಲೆ, ಬಾಯಲ್ಲಿ ಬೆರಳಿಟ್ಟುಕೊಂಡು, ಅವಳನ್ನೇ ನೋಡುತ್ತಿತ್ತು.

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಫೆಬ್ರವರಿ 27

ರಿಪೋರ್ಟ್ ಬಂತು. ಮಣ್ಣಿನಲ್ಲಿ ಹಳೆಯ ಕೀಟನಾಶಕ—ಈಗ ನಿಷೇಧವಾಗಿರುವಂಥದ್ದು. ಮೊಟ್ಟೆಯಲ್ಲೂ ಅದೇ, ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಗಟ್ಟಿಯಾಗಿ ಓದಿದೆ. ಅತ್ತೆ ಗೋಡೆ ಕಡೆ ನೋಡಿಕೊಂಡು ಕೇಳಿಸಿಕೊಂಡರು. ಎದ್ದು ಒಳಗೆ ಹೋದರು. ಊಟಕ್ಕೆ ಬರಲಿಲ್ಲ.

ಸಂಜೆ, ಮೊದಲು ನಮ್ಮಿಂದ ಮೊಟ್ಟೆ ಕೊಳ್ಳುತ್ತಿದ್ದ ವರ್ತನೆಯ ಮನೆಗಳಿಗೆಲ್ಲ ಹೋಗಿ ಹೇಳಿದೆ. ಬೇಕರಿಯಾಕೆ ತಲೆ ಚಚ್ಚಿಕೊಂಡಳು: "ಹೇಳ್ದೇ ಇದ್ದಿದ್ರೆ ನೆಮ್ಮದಿಯಾಗಿ ತಿಂತಿದ್ವಲ್ಲೇ!" ಮೂಲೆಮನೆ ಮೇಷ್ಟ್ರು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳಲಿ. ಮುಂದಿನ ಮನೆಗೆ ಹೋದೆ.

ಮಾರ್ಚ್ 4

ಕೋಳಿಗಳೆಲ್ಲ ತಾರಸಿಗೆ. ಇವರು ಜಾಲರಿ ಬಿಗಿದರು, ಬೆರಳು ಕುಯ್ದುಕೊಂಡರು, ಬಾಯಿಗೆ ಬಂದಂತೆ ಬೈದರು—ಪೇಪರ್ ಓದುವುದಕ್ಕಿಂತ ವಾಸಿ. ಕಾಲಡಿಗೆ ಒಣಹುಲ್ಲು, ತಿನ್ನಲು ಅಂಗಡಿಯ ಕಾಳು. ಬೇರೆ ಕಡೆಯಿಂದ ಮರಿಗಳನ್ನು ತಂದು ಪಕ್ಕದ ಗೂಡಿಗೆ ಬಿಟ್ಟೆವು. ಹಳೆಯವುಗಳ ಮೈಯಿಂದ ಔಷಧಿ ಇಳಿಯಲು ತಿಂಗಳುಗಟ್ಟಲೆ ಬೇಕಂತೆ. ಅಲ್ಲಿಯವರೆಗೆ ಮೊಟ್ಟೆಯೆಲ್ಲ ಕಸಕ್ಕೆ. ಬಿಸಿ ಬಿಸಿ ಮೊಟ್ಟೆ ಕೈಯಲ್ಲಿ ಹಿಡಿದು ಎಸೆಯುವುದಿದೆಯಲ್ಲ... ಎಸೆದೆ.

ಮಾರ್ಚ್ 11, ಮಧ್ಯಾಹ್ನ

ಹೋಟೆಲಿನವನು ಬಂದಿದ್ದ. ಸುದ್ದಿ ಅವನಿಗೂ ಮುಟ್ಟಿದೆ. "ಅಷ್ಟೂ ಕೋಳಿ ಒಟ್ಟಿಗೆ ಎತ್ಕೊಂಡು ಹೋಗ್ತೀನಿ. ಈ ಕಡೆಯೋರಿಗೆ ಹಾಕಲ್ಲ ಬಿಡಿ. ನಮ್ಮದು ಹೈವೇ ಗಿರಾಕಿ. ತಿಂದು ಗಾಡಿ ಹತ್ತಿದ್ರೆ ಯಾರಿಗೆ ಗೊತ್ತಾಗುತ್ತೆ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಬಂದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ.

"ಹೈವೇಲಿ ಹೋಗೋರಿಗೆ ಮಕ್ಕಳು ಮರಿ ಇರಲ್ವೇನಪ್ಪಾ?"

ಅವನು ಹಲ್ಲು ಬಿಟ್ಟ. "ಅಜ್ಜಿ, ವ್ಯಾಪಾರ..."

"ಗೊತ್ತಿಲ್ದೆ ನನ್ನ ಮಗಳಿಗೇ ತಿನ್ನಿಸಿದೀನಿ. ಗೊತ್ತಿದ್ದೂ ಇನ್ನೊಬ್ಬರ ಮಕ್ಕಳಿಗೆ ತಿನ್ನಿಸಲ್ಲ. ನಡಿ ಆಚೆ."

ಹೋದ. ಅತ್ತೆ ಅವನ ಹಿಂದೆಯೇ ಹೋಗಿ ಗೇಟಿನ ಚಿಲಕ ಹಾಕಿ ಬಂದರು. ಆಮೇಲೆ, ನನ್ನ ಕಡೆ ತಿರುಗದೆ: "ಮೇಲೆ ಬಿಸಿಲು. ಕೋಳಿಗೆ ನೀರಿಟ್ಟಿದೀಯಾ?"

"ಇಟ್ಟಿದೀನಿ ಅತ್ತೆ."

ಅಷ್ಟೇ. ಸಾಕು.

ಸೆಪ್ಟೆಂಬರ್ 18

ಮರಿಗಳು ಮೊಟ್ಟೆಗೆ ಬಂದಿವೆ. ಮತ್ತೆ ಲ್ಯಾಬಿಗೆ ಕಳಿಸಿದ್ದೆ, ಇವತ್ತು ರಿಪೋರ್ಟ್ ಬಂತು. ಹೊಸ ಕೋಳಿಯ ಮೊಟ್ಟೆ ಕ್ಲೀನ್. ಹಳೆಯವುಗಳದ್ದು ಇಳಿದಿದೆ, ತಿನ್ನುವಷ್ಟು ಇಳಿದಿಲ್ಲ. "ಮುದುಕಿಯರು ಸುಮ್ನೆ ಕೂತ್ಕೊಂಡು ತಿನ್ಲಿ ಬಿಡು, ನನ್ನ ಹಾಗೆ" ಎಂದರು ಅತ್ತೆ.

ನಾದಿನಿಗೆ ಹೇಳಿದೆ. "ಇನ್ನೂ ಮನಸ್ಸಾಗಲ್ಲ ಅತ್ತಿಗೇ" ಎಂದಳು. ಬಲವಂತ ಮಾಡಲಿಲ್ಲ. ಬೇಕರಿಯಾಕೆ ಮಾತ್ರ ಮೊದಲ ಟ್ರೇ ತನಗೇ ಬೇಕು ಎಂದು ಪಟ್ಟು ಹಿಡಿದಿದ್ದಾಳೆ.

ಸೆಪ್ಟೆಂಬರ್ 19, ಬೆಳಿಗ್ಗೆ

ಡಿಪೋ ನಮ್ಮ ಹಿತ್ತಿಲಷ್ಟೇ ಅಲ್ಲವಲ್ಲ. ಈ ಸಾಲಿನ ಅಷ್ಟೂ ಮನೆ ಅದರ ಮೇಲೆಯೇ ನಿಂತಿದೆ. ಮೂರನೇ ಮನೆಯ ದರ್ಜಿ ಇನ್ನೂ ಕೋಳಿಗಳನ್ನು ನೆಲದ ಮೇಲೆಯೇ ಮೇಯಿಸುತ್ತಾನೆ, ಮೊಟ್ಟೆ ಮಾರುತ್ತಾನೆ. ಎರಡು ಸಲ ಹೇಳಿ ನೋಡಿದೆ. "ನಮ್ಮಲ್ಲಿ ವಾಸನೆ ಬರಲ್ಲಮ್ಮಾ" ಎನ್ನುತ್ತಾನೆ. ಇವತ್ತು ಲ್ಯಾಬಿಗೆ ಕಳಿಸಲು ಅವನ ಹಿತ್ತಿಲ ಮಣ್ಣು ತುಂಬಿಕೊಂಡೇ ಬರುವುದು. ಚೀಲ, ಕರಣೆ ತೆಗೆದಿಟ್ಟಿದ್ದೇನೆ.

ಅತ್ತೆಯೂ ಬರುತ್ತಾರಂತೆ. ಆಗಲೇ ಗೇಟಿನ ಹತ್ತಿರ ನಿಂತಿದ್ದಾರೆ, ಚಪ್ಪಲಿ ಮೆಟ್ಟಿಕೊಂಡು. "ಬರೆದಿದ್ದು ಸಾಕು ಬಾರೇ, ಅವನು ಅಂಗಡಿಗೆ ಹೊರಟುಬಿಟ್ಟಾನು!"

ಬಂದೆ ಎಂದೆ. ಒಪ್ಪದಿದ್ದರೆ ನಾಳೆಯೂ ಹೋಗುವುದು, ನಾಡಿದ್ದೂ... ದರ್ಜಿಯ ಬಾಗಿಲು ತೆರೆದ ಸದ್ದು—