ಹಳೆಯ ಸಿಂಬಿ

ಬೆಂಗಳೂರು, ಸೋಮವಾರ

ಅವ್ವನಿಗೆ ಭಾರತಿ ಮಾಡುವ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಡುವೆಯೇ ಬೈದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಅಣ್ಣನ ಕಡೆಯಿಂದ ಪೂರ್ತಿ ಓದಿಸಿಕೊ.

ನೀನು ಕಳಿಸಿದ ಸಿಂಬಿ ತಲುಪಿತು. ನಾನು ಕೇಳಿದ್ದು ನೀನು ಇಲ್ಲಿ ಹನ್ನೊಂದು ವರ್ಷ ಕಾಂಕ್ರೀಟ್ ಬುಟ್ಟಿಯ ಕೆಳಗೆ ತಲೆಯ ಮೇಲಿಟ್ಟುಕೊಂಡ ಸಿಂಬಿಯನ್ನು. ಮಂದಿ ನೋಡುತ್ತಾರೆಂದು ನೀನು ಪಂಚಮಿಗೆ ತಂದ ಇಳಕಲ್ ಸೀರೆ ಹರಿದು ಹೊಸದನ್ನೇ ಸುತ್ತಿದ್ದೀ.

ನಮ್ಮ ಮ್ಯೂಸಿಯಮ್ಮಿನಲ್ಲಿ ಈ ನಗರ ಬೆಳೆದ ಕಥೆಗೆ ಹೊಸ ಕೋಣೆ ಮಾಡಿದ್ದಾರೆ. ನೇಕಾರರ ಮಗ್ಗ, ದಂಡಿನವರ ತುತ್ತೂರಿ, ತಮಿಳರ, ತೆಲುಗರ, ಮಾರ್ವಾಡಿಗಳ ಸಾಮಾನು ಎಲ್ಲ ಬಂದಿತ್ತು. ನಮ್ಮ ಕಡೆಯವರದು ಏನೂ ಇರಲಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತು, "ಇಷ್ಟೆಲ್ಲಾ ಕಟ್ಟಡ ಹೊತ್ತೋರು ಎಲ್ಲಿ ಅದಾರ್ರಿ ಸರ?" ಎಂದು ಕೇಳಿಬಿಟ್ಟೆ. ಸಿಟ್ಟಿನಲ್ಲಿ ನಮ್ಮೂರ ಮಾತೇ ಬಂತು. ಯಾರೂ ನಗಲಿಲ್ಲ. ನಟ್ಟನಡುವಿನ ಗಾಜಿನ ಪೆಟ್ಟಿಗೆ ನಮ್ಮದಾಯಿತು.

ಹೊಸ ಸಿಂಬಿ ವಾಪಸು ಕಳಿಸಿದ್ದೇನೆ. ಅಡುಗೆಮನೆಯಲ್ಲಿ ನೀರಿನ ಕೊಡದ ಕೆಳಗೆ ಅದನ್ನಿಟ್ಟು, ಅಲ್ಲಿರುವ ಹಳೆಯದನ್ನು ಲಿಂಗಸುಗೂರಿನಿಂದ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡಿಸು. ಅದಕ್ಕೆ ಹಿಡಿದ ಸಿಮೆಂಟು ಉದುರಿಸಬೇಡ. ತೊಳೆಯಲೂ ಬೇಡ.

ಪೆಟ್ಟಿಗೆಗೆ ನಿನ್ನೆ ಹಿತ್ತಾಳೆಯ ಫಲಕ ಕೂರಿಸಿದರು. 'ಬಸ್ಸಮ್ಮ, ಸಂತೆಕಲ್ಲೂರು' ಎಂದು ಬರೆದಿದೆ.

ಹದಿನೈದಕ್ಕೆ ನೀನು ಬರಬೇಕು. ಉಡಲು ಸೀರೆ ನಾನು ತಂದಿಟ್ಟಿದ್ದೇನೆ. ನೀನು ದುಡಿದ ಕಟ್ಟಡಗಳು ಮುಗಿದ ಮೇಲೆ ವಾಚ್‌ಮನ್ ನಿನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಈ ಕೋಣೆಯ ಬಾಗಿಲು ನೀನು ಬಂದು ತೆರೆಯುವ ತನಕ ಯಾರನ್ನೂ ಒಳಗೆ ಬಿಡುವುದಿಲ್ಲ.

ನಿನ್ನ ಮಗಳು
ಭಾರತಿ