ಅಂಟು ಹಚ್ಚದ ಲಕೋಟೆ

ಅಲ್ ಖೋರ್, ಕತಾರ್
27 ಎಪ್ರಿಲ್ 2007, ಶುಕ್ರವಾರ

ಪ್ರೀತಿಯ ಜರ್ಟ್ರೂಡ್ ಅಕ್ಕನಿಗೆ ತಂಗಿ ಕೊನ್ಸೆಪ್ಟಾಳ ನಮಸ್ಕಾರಗಳು.

"ನಾವಿಲ್ಲಿ ಕ್ಷೇಮ" ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಈ ಸಲ ಆ ಒಂದು ಸಾಲಿಗಾಗಿ ಪೆನ್ನು ಹಿಡಿದು ಹತ್ತು ನಿಮಿಷ ಕುಳಿತೆ. ಕ್ಷೇಮವೋ ಅಲ್ಲವೋ ನನಗೇ ಗೊತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಇಲ್ಲಿನ ಎರಡು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಇವರ ಕಿವಿಗೆ ಬೀಳುತ್ತದೆ. ಇವರ ಕಿವಿ ಚೆನ್ನಾಗಿದೆ, ತೊಂದರೆ ಇರುವುದು ಬೇರೆ ಕಡೆ. ಮನೆಯಲ್ಲಿ ಕೊಂಕಣಿ ಮಾತಾಡಿದರೂ ಕಾಗದ ಬರೆಯಲು ಕುಳಿತರೆ ನನಗೆ ಬರುವುದು ಕನ್ನಡವೇ. ಅದು ಗೇಬ್ರಿಯಲ್ ಮಾಸ್ತರರ ಬೆತ್ತದ ಮಹಿಮೆ. ನೀನು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಕೊನೆಯಲ್ಲಿ ನಿನ್ನಲ್ಲಿ ಕೇಳಲಿಕ್ಕಿದೆ. ಮೊದಲು ಕಥೆ ಕೇಳು, ನಡುವೆ ಬೈಯಬೇಡ.

ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತಲ್ಲ. ಅದೇ ಹೊತ್ತಿಗೆ ಇವರ ಗ್ಯಾಸ್ ಕಂಪನಿಯವರು ಒಂದು ವಾರದ ತರಬೇತಿಗೆಂದು ಇವರನ್ನು ಫ್ರಾನ್ಸಿನ ಲಿಯೋನ್ ಪಟ್ಟಣಕ್ಕೆ ಕಳಿಸಿದರು. ಇವರು ನನಗೂ ಟಿಕೆಟ್ ತೆಗೆದಿದ್ದರು! ಒಂದು ದಿನ ಹೊರಗೆ ಊಟಕ್ಕೆ ಹೋಗೋಣ ಎಂದರೆ "ಮನೆಯಲ್ಲಿ ಅನ್ನ ಇಲ್ವಾ?" ಎಂದು ಕೇಳುವ ಕಾಸ್ಮಿರ್ ಇವರು. ನನಗೆ ಸಂತೋಷಕ್ಕಿಂತ ಮೊದಲು ಸಂಶಯ ಬಂತು.

ಸಂಶಯಕ್ಕೆ ಕಾರಣವಿತ್ತು. ನಿನಗೆ ಇದುವರೆಗೆ ಹೇಳಿಲ್ಲ. ಎರಡು ವರ್ಷದಿಂದ ಇವರು ನನ್ನ ಅಡಿಗೆಯನ್ನು ಉಣ್ಣುತ್ತಿರಲಿಲ್ಲ, ಉಪ್ಪಿನಕಾಯಿಯನ್ನು ಉಣ್ಣುತ್ತಿದ್ದರು. ಮೀನು ಸಾರಿಗೆ ಉಪ್ಪಿನಕಾಯಿ, ಕೋಳಿಗೆ ಉಪ್ಪಿನಕಾಯಿ, ಒಂದು ದಿನ ನಾನು ಮಾಡಿದ ಶ್ಯಾವಿಗೆ ಪಾಯಸದ ಪಕ್ಕದಲ್ಲೂ ಉಪ್ಪಿನಕಾಯಿ ಬಾಟಲಿ ಇಟ್ಟುಕೊಂಡಿದ್ದರು. ಮೊದಲೆಲ್ಲ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿಯೇ "ಕೊತ್ತಂಬರಿ ಸ್ವಲ್ಪ ಹೆಚ್ಚು ಹುರಿದಿದ್ದಿ" ಎಂದು ಹೇಳುತ್ತಿದ್ದವರು ಈಗ ಪಾತ್ರೆಯ ಹತ್ತಿರವೂ ಬರುವುದಿಲ್ಲ. ಬೆಳಿಗ್ಗೆ ಬಂದರಿಗೆ ಹೋಗಿ ಕಿವಿರು ಎತ್ತಿ ಮೂಸಿ ಮೀನು ತರುತ್ತಿದ್ದವರು, ಮೊಣಕಾಲು ನೋವು ಎಂದು ನನ್ನನ್ನು ಕಳಿಸತೊಡಗಿದರು. ನನ್ನ ಕೈರುಚಿ ಇವರಿಗೆ ಸಾಕಾಗಿದೆ ಎಂದುಕೊಂಡೆ. ಒಮ್ಮೆ ಕೇಳಿಯೂ ಬಿಟ್ಟೆ. "ಎಂಥದೂ ಇಲ್ಲ, ಚೆನ್ನಾಗಿ ಉಂಟು" ಎಂದು ಮತ್ತೆರಡು ಚಮಚ ಹಾಕಿಕೊಂಡರು. ಅಂದಿನಿಂದ ನಾನೂ ಮುಖ ಕೊಟ್ಟು ಮಾತಾಡುವುದನ್ನು ಕಡಿಮೆ ಮಾಡಿದೆ.

ಹೀಗಿರುವಾಗ ಲಿಯೋನ್ ತಲುಪಿದೆವು. ಮರುದಿನ ಭಾನುವಾರ ನದಿಯ ದಂಡೆಯಲ್ಲಿ ಸಂತೆ. ಅಕ್ಕ, ಏನು ಸಂತೆ ಅದು! ಕೆಂಪು ಮೂಲಂಗಿಯನ್ನು ಮದುವೆಯ ಹೂಗುಚ್ಛದ ಹಾಗೆ ಕಟ್ಟಿ ಇಟ್ಟಿದ್ದಾರೆ. ಒಂದು ಕಡೆ ಸಾಲಾಗಿ ಕೋಳಿಗಳು ಸುಡುತ್ತಾ ತಿರುಗುತ್ತಿವೆ, ಕೆಳಗೆ ಸುರಿದ ಕೊಬ್ಬಿನಲ್ಲಿ ಬಟಾಟೆ ಬೇಯುತ್ತಿದೆ. ಮೀನಿನ ಅಂಗಡಿ ಕಂಡದ್ದೇ ಇವರ ಕೈ ಹಳೆಯ ಅಭ್ಯಾಸದಲ್ಲಿ ಒಂದು ಮೀನಿನ ಕಿವಿರು ಎತ್ತಿತು. ಅಂಗಡಿಯವಳು ಹೌಹಾರಿ ಕೂಗಿದಳು. ಅಲ್ಲಿ ಗಿರಾಕಿಗಳು ಮಾಲು ಮುಟ್ಟುವ ಹಾಗಿಲ್ಲವಂತೆ. ನಾನು ನಕ್ಕೆ. ಆದರೆ ಇವರು ಎತ್ತಿದ ಮೀನನ್ನು ಮೂಸದೆ ನನ್ನ ಕಡೆ ತಿರುಗಿಸಿ "ನೀನು ವಾಸನೆ ನೋಡು" ಎಂದದ್ದು ಆಗ ನನಗೆ ವಿಚಿತ್ರ ಎನಿಸಲಿಲ್ಲ.

ಮುಂದೆ ಚೀಸಿನ ಅಂಗಡಿ. ಒಂದು ಚೀಸು ಎಷ್ಟು ನಾರುತ್ತಿತ್ತೆಂದರೆ ನಾನು ಸೆರಗಿನಲ್ಲಿ ಮೂಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಹೋದೆ. ಇವರು ಅದರ ಮೇಲೆಯೇ ಬಗ್ಗಿ ನಿಂತು, ಅಂಗಡಿಯವನು ಕೊಟ್ಟ ತುಂಡನ್ನು ಬಾಯಿಗೆ ಹಾಕಿ "ನೈಸ್, ವೆರಿ ನೈಸ್" ಎಂದರು. ಅರ್ಧ ಕಿಲೋ ಕೊಂಡರು. ಅದು ನಮ್ಮ ಕೋಣೆಯಲ್ಲಿ ಇದ್ದಷ್ಟು ದಿನ ನಾನು ಕಿಟಕಿ ತೆರೆದಿಟ್ಟು ಚಳಿಯಲ್ಲಿ ನಡುಗುತ್ತಾ ಮಲಗಿದೆ.

ನನ್ನ ಹೊಟ್ಟೆ ಉರಿದದ್ದು ಅದರ ನಂತರ. ಆ ಊರಿನಲ್ಲಿ ಚೌಕಳಿ ಬಟ್ಟೆ ಹಾಸಿದ ಪುಟ್ಟ ಪುಟ್ಟ ಹಳೆಯ ಊಟದ ಮನೆಗಳಿವೆ. ಬೋಟಿ, ರಕ್ತದ ಸಾಸೇಜು, ಹಂದಿಯ ಕಿವಿ, ಯಾವುದನ್ನೂ ಬಿಸಾಡುವುದಿಲ್ಲ ಅವರು. ನಮ್ಮವರ ಹಾಗೆಯೇ. ಕತಾರಿನಲ್ಲಿ ಹಂದಿಮಾಂಸದ ಹೆಸರೆತ್ತುವ ಹಾಗಿಲ್ಲ, ಊರಿಗೆ ಬಂದಾಗಲೇ ತಿನ್ನಬೇಕು. ನಾನು ಆಸೆಯಿಂದ ಬಾಯಿಗಿಟ್ಟೆ. ಖಾರವಿಲ್ಲ, ಹುಳಿಯಿಲ್ಲ. ಮೀನನ್ನು ಅರೆದು ಕಡುಬು ಮಾಡಿ ಬಿಳಿ ಸಾರಿನಲ್ಲಿ ತೇಲಿಸಿ ತಂದರು, ಅದೂ ಹಾಗೆಯೇ. ಇವರು ಮಾತ್ರ ಕಣ್ಣುಮುಚ್ಚಿ ತಿನ್ನುತ್ತಾರೆ! ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ತಿನ್ನುತ್ತಾರೆ! ಉಪ್ಪಿನಕಾಯಿ ಬಾಟಲಿಯನ್ನು ನಾನು ಚೀಲದಲ್ಲಿ ತಂದಿದ್ದೆ, ಒಂದು ದಿನವೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಇಪ್ಪತ್ತೈದು ವರ್ಷ ಮಸಾಲೆ ಅರೆದವಳಿಗೆ ಉಪ್ಪಿನಕಾಯಿ, ಸಪ್ಪೆ ಕಡುಬು ಬೇಯಿಸಿದವನಿಗೆ ಹೊಗಳಿಕೆ. ರಸ್ತೆಯಲ್ಲಿ ನಡೆಯುವಾಗ ಕಣ್ಣೊರೆಸಿಕೊಂಡೆ. ಚಳಿಗೆ ನೀರು ಬಂತು ಎಂದೆ.

ಶುಕ್ರವಾರ ಇನ್ನೊಂದು ಪೆದ್ದುತನ. ಬೆಳಿಗ್ಗೆ ಎದ್ದು ರೇಷ್ಮೆ ಸೀರೆ ಉಟ್ಟು ಒಬ್ಬಳೇ ಇಗರ್ಜಿಗೆ ಹೋದೆ. ಇಲ್ಲಿ ಕತಾರಿನಲ್ಲಿ ನಮಗೆ ಇಪ್ಪತ್ತು ವರ್ಷದಿಂದ ಶುಕ್ರವಾರವೇ ಭಾನುವಾರ, ಅಂದೇ ರಜೆ, ಅಂದೇ ಪೂಜೆ. ಅಷ್ಟು ದೊಡ್ಡ ಇಗರ್ಜಿಯಲ್ಲಿ ನೆಲ ಒರೆಸುವ ಒಬ್ಬ ಹೆಂಗಸು, ಮತ್ತೆ ಮದುಮಗಳ ಹಾಗೆ ಹೊಳೆಯುವ ನಾನು. ನಿಜವಾದ ಭಾನುವಾರ ಪೂಜೆ ಬಿಟ್ಟು ಸಂತೆ ಸುತ್ತಿದ್ದು ಅಲ್ಲಿ ಕುಳಿತ ಮೇಲೆ ನೆನಪಾಯಿತು. ದೇವರ ಹತ್ತಿರ ಕ್ಷಮೆ ಕೇಳಿದೆ. ಹಾಗೆಯೇ ಇವರ ಮೇಲಿನ ದೂರನ್ನೂ ಹೇಳಿ ಬಂದೆ.

ಶನಿವಾರ ನಮ್ಮ ಮದುವೆಯ ದಿನ. ತರಬೇತಿ ಕೊಟ್ಟ ಫ್ರೆಂಚ್ ಸಾಹೇಬರಿಗೆ ಇವರು ಅದನ್ನು ಹೇಳಿದ್ದರಂತೆ. ಸಾಹೇಬರು ಹೆಂಡತಿಯೊಂದಿಗೆ ಬಂದು ನಮ್ಮಿಬ್ಬರನ್ನು ಒಂದು ದೊಡ್ಡ ರೆಸ್ಟೋರೆಂಟಿಗೆ ಮಧ್ಯಾಹ್ನದ ಊಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ತಟ್ಟೆ ನಮ್ಮ ಗೆರಸೆಯಷ್ಟು, ಊಟ ಒಂದು ಪೇಡೆಯಷ್ಟು. ನಾನು ಸಾಹೇಬರ ಹೆಂಡತಿ ಯಾವ ಚಮಚ ಹಿಡಿಯುತ್ತಾಳೋ ನೋಡಿ ಅದನ್ನೇ ಹಿಡಿದೆ. ಅಲ್ಲಿ ಒಂದು ಕ್ರಮವಿದೆ. ವೈನ್ ಬಾಟಲಿ ತೆರೆದ ಮೇಲೆ ಒಬ್ಬರಿಗೆ ಮೊದಲು ಸ್ವಲ್ಪ ಸುರಿಯುತ್ತಾರೆ. ಅವರು ಮೂಸಿ, ರುಚಿ ನೋಡಿ ಸರಿ ಎಂದರೆ ಎಲ್ಲರಿಗೂ ಬಡಿಸುತ್ತಾರೆ. ಇವತ್ತು ಆ ಗೌರವ ಮದುಮಗನಿಗೆ ಎಂದು ಸಾಹೇಬರು ಇವರ ಕಡೆ ತೋರಿಸಿದರು. ಇವರು ಗ್ಲಾಸಿಗೆ ಮೂಗಿಟ್ಟು, ಒಂದು ಗುಟುಕು ಕುಡಿದು, "ವೆರಿ ಗುಡ್" ಎಂದರು. ಎಲ್ಲರಿಗೂ ಸುರಿದರು.

ನನ್ನ ಗ್ಲಾಸು ಬಾಯಿಯ ಹತ್ತಿರ ಬರುವ ಮೊದಲೇ ನನಗೆ ತಿಳಿಯಿತು. ಮಳೆಗಾಲದಲ್ಲಿ ಒಣಗದೆ ಉಳಿದ ಗೋಣಿಚೀಲದ ವಾಸನೆ. ವೈನಿನ ಗಂಧವೇ ಗೊತ್ತಿಲ್ಲದ ನನಗೆ! ಸಾಹೇಬರ ಹೆಂಡತಿ ಗ್ಲಾಸು ಕೆಳಗಿಟ್ಟಳು. ಸಾಹೇಬರು ಮೂಸಿ ನೋಡಿ, ಮೆಲ್ಲನೆ ಬಡಿಸುವವನನ್ನು ಕರೆದರು. ಬಿರಡೆ ಕೆಟ್ಟು ವೈನ್ ಹಾಳಾಗಿತ್ತಂತೆ. ಬಾಟಲಿ ಬದಲಾಯಿತು, ಎಲ್ಲರೂ ನಕ್ಕರು. ಇವರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ನನಗೆ ಕಿವಿರು, ಚೀಸು, ಮುಚ್ಚಳ, ಉಪ್ಪಿನಕಾಯಿ ಎಲ್ಲವೂ ಒಮ್ಮೆಲೇ ನೆನಪಿಗೆ ಬಂತು. ಮತ್ತೆ ಏನು ತಿಂದೆನೋ ಗೊತ್ತಿಲ್ಲ.

ಊಟವಾದ ಮೇಲೆ ನದಿಯ ಬದಿಯ ಬೆಂಚಿನಲ್ಲಿ ಕುಳ್ಳಿರಿಸಿ ಕೇಳಿದೆ. "ವಾಸನೆ ಇಲ್ಲ ಮಾರಾಯ್ತಿ. ಎಂಥದರದ್ದೂ ಇಲ್ಲ. ಎರಡು ವರ್ಷ ಆಯ್ತು" ಎಂದರು. ಎರಡು ವರ್ಷದ ಹಿಂದೆ ದೊಡ್ಡ ಶೀತಜ್ವರ ಬಂದಿತ್ತಲ್ಲ, ಅದು ಬಿಟ್ಟುಹೋದಾಗ ವಾಸನೆಯನ್ನೂ ಕೊಂಡುಹೋಯಿತಂತೆ. ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ, ಖಾರ ಇಷ್ಟೇ. ಅದಕ್ಕೇ ಉಪ್ಪಿನಕಾಯಿ.

ಅಕ್ಕ, ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೆ ಮೊದಲು ಸಂತೋಷವಾಯಿತು. ನನ್ನ ಅಡಿಗೆಯ ತಪ್ಪಲ್ಲ! ಬೆಂಚಿನಲ್ಲಿ ಕುಳಿತೇ ಅತ್ತೆ. ಹೆದರಿಕೆ ಬಂದದ್ದು ಆಮೇಲೆ. ಗ್ಯಾಸ್ ಪ್ಲಾಂಟಿನಲ್ಲಿ ಪೈಪು ಮೀಟರುಗಳ ನಡುವೆ ಕೆಲಸ ಮಾಡುವ ಮನುಷ್ಯನಿಗೆ ವಾಸನೆ ಇಲ್ಲದಿದ್ದರೆ? ಅದಕ್ಕೆ ಇವರಲ್ಲಿ ಉತ್ತರ ತಯಾರಿತ್ತು. "ಸೈಟಲ್ಲಿ ಮೂಗನ್ನು ನಂಬಬೇಡಿ ಅಂತಲೇ ಕಲಿಸುವುದು. ಎದೆಗೆ ಗ್ಯಾಸ್ ಮೀಟರ್ ಸಿಕ್ಕಿಸಿ ಕೊಟ್ಟಿದ್ದಾರೆ. ಅದು ಕೂಗಿದ್ರೆ ಓಡುವುದು, ಖಲಾಸ್. ಮೂಗು ಇದ್ದವನೂ ಅಷ್ಟೇ, ಇಲ್ಲದವನೂ ಅಷ್ಟೇ" ಎಂದರು. ಕೆಲವು ಗ್ಯಾಸು ಮೊದಲು ಮೂಗನ್ನೇ ಮರಗಟ್ಟಿಸುತ್ತದಂತೆ, ಹಾಗಾಗಿ ಆ ಮಾತು ಸುಳ್ಳೂ ಅಲ್ಲ. ವರ್ಷಕ್ಕೊಮ್ಮೆ ಮೆಡಿಕಲ್ ಆದಾಗ ಕಣ್ಣು, ಕಿವಿ, ರಕ್ತ ನೋಡುತ್ತಾರೆ, ಮೂಗಿನ ವಿಷಯ ಇವರನ್ನು ಯಾರೂ ಕೇಳಿಲ್ಲ. ಕೇಳಲಿಲ್ಲ, ಹೇಳಲಿಲ್ಲ. ಹೇಳಿದರೆ ಸೈಟಿನಿಂದ ತೆಗೆಯಬಹುದು, ಊರಿಗೇ ಕಳಿಸಬಹುದು. ನಮ್ಮ ಮಗಳು ಮೆಲಿಸ್ಸಾಳ ದಂತ ವೈದ್ಯಕೀಯ ಮುಗಿಯಲು ಇನ್ನೂ ಒಂದು ವರ್ಷವಿದೆ. ಅಲ್ಲಿಯವರೆಗೆ ಯಾರಿಗೂ ಬಾಯಿ ಬಿಡಬಾರದು ಎಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡರು. ಕೊಟ್ಟೆ. ಮದುವೆಯ ದಿನ ಗಂಡ ಕೇಳಿದರೆ ಯಾವ ಹೆಂಗಸು ಇಲ್ಲ ಎನ್ನುತ್ತಾಳೆ?

ಈಗ ಆ ಮಾತು ಬಿಸಿತುಪ್ಪವಾಗಿದೆ, ನುಂಗಲಿಕ್ಕೂ ಇಲ್ಲ, ಉಗುಳಲಿಕ್ಕೂ ಇಲ್ಲ. ಪಕ್ಕದ ಮನೆಯ ಫ್ಲಾಯ್ಡ್ ಇವರ ಜೊತೆಗೇ ಕೆಲಸ ಮಾಡುವ ಹುಡುಗ, ಇಬ್ಬರೂ ಒಂದೇ ಬಸ್ಸು. ಅವನ ಮಗುವಿಗೆ ನಾನೇ ಸ್ನಾನ ಮಾಡಿಸುವುದು. ಮೀಟರು ಗ್ಯಾಸಿಗೆ ಕೂಗುತ್ತದೆ, ಸರಿ. ವಯರು ಸುಟ್ಟರೆ? ಅದರ ವಾಸನೆ ಮೊದಲು ಬರಬೇಕಾದದ್ದು ಹಿರಿಯರಾದ ಇವರಿಗಲ್ಲವೇ? ಒಮ್ಮೆ ಇವರು ಹೇಳುವುದೇ ಸರಿ ಎನಿಸುತ್ತದೆ, ಮಗುವಿನ ಮುಖ ನೋಡಿದಾಗ ಎಲ್ಲವೂ ತಪ್ಪು ಎನಿಸುತ್ತದೆ. ಒಂದೇ ದಿನದಲ್ಲಿ ಹತ್ತು ಸಲ ಮನಸ್ಸು ಬದಲಾಗುತ್ತದೆ.

ನಿನ್ನಲ್ಲಿ ಕೇಳುವುದು ಇದು. ಹೋದ ವಾಸನೆ ಮರಳಿ ಬರುವುದುಂಟೇ? ಔಷಧಿ ಇದೆಯೇ? ಕೊಟ್ಟ ಮಾತು ಮುರಿದರೆ ಪಾಪವೋ, ಉಳಿಸಿಕೊಂಡರೆ ಪಾಪವೋ? ಇನ್ನೊಂದು ಇದೆ. ಇದನ್ನು ಇವರಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ. ವಾಸನೆಯೇ ಇಲ್ಲದವರಿಗೆ ಎಲ್ಲ ಊಟವೂ ಒಂದೇ ಅಲ್ಲವೇ? ಹಾಗಿದ್ದರೆ ಆ ಸಪ್ಪೆ ಕಡುಬನ್ನು ಅಷ್ಟು ಸುಖದಲ್ಲಿ ತಿಂದರೇಕೆ, ನನ್ನ ಸಾರನ್ನು ಮಾತ್ರ ಉಪ್ಪಿನಕಾಯಿಯಲ್ಲಿ ಮುಳುಗಿಸುವುದೇಕೆ? ದೊಡ್ಡ ಪ್ರಶ್ನೆಗಳ ನಡುವೆ ಇದು ಸಣ್ಣದು ಎಂದು ಗೊತ್ತಿದೆ. ಆದರೂ ನನ್ನನ್ನು ಕೊರೆಯುವುದು ಇದೇ.

ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ.

ಏನೂ ತೋಚದ ನಿನ್ನ ತಂಗಿ,
ಕೊನ್ಸೆಪ್ಟಾ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಮೊನ್ನೆ ಮಂಗಳವಾರ ಸಂಜೆ ಹಾಲು ಕಾಯಲು ಇಟ್ಟು, ಬಟ್ಟೆ ತರಲು ತಾರಸಿಗೆ ಹೋದೆ. ಅಲ್ಲಿ ಫ್ಲಾಯ್ಡನ ಹೆಂಡತಿ ಸಿಕ್ಕಿದಳು, ಮಾತಿನಲ್ಲಿ ಹಾಲು ಮರೆತೇ ಹೋಯಿತು. ಹಾಲು ಉಕ್ಕಿ ಬೆಂಕಿ ಆರಿ ಗ್ಯಾಸ್ ಮನೆಯೆಲ್ಲ ತುಂಬಿತ್ತು. ಬಾಗಿಲು ತೆರೆದಾಗ ಮುಖಕ್ಕೆ ಹೊಡೆಯಿತು. ಇವರು ತೇರ್ಸದ ಜಪಮಾಲೆ ಪ್ರಾರ್ಥನೆಗೆ ಹೊತ್ತಾಯಿತೆಂದು ಮೇಣದಬತ್ತಿ ಹಚ್ಚಲು ದೇವರ ಪೀಠದ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಬೆಂಕಿಪೆಟ್ಟಿಗೆ, ಇನ್ನೊಂದರಲ್ಲಿ ಕಡ್ಡಿ. ಎದೆಯ ಮೇಲೆ ಮೀಟರ್ ಇರಲಿಲ್ಲ. ಬೆಂಕಿಪೆಟ್ಟಿಗೆ ಕಿತ್ತುಕೊಂಡೆ. ಇವತ್ತು ನಾನು ಹಚ್ಚುತ್ತೇನೆ ಎಂದೆ, ಓಡಿ ಗ್ಯಾಸ್ ಬಂದ್ ಮಾಡಿ, ಸೆಕೆ ಎಂದು ಹೇಳಿ ಕಿಟಕಿಗಳನ್ನೆಲ್ಲ ತೆರೆದೆ. ಇವರಿಗೆ ಇದುವರೆಗೂ ಗೊತ್ತಿಲ್ಲ. ಕಾಗದ ಅಂಚೆಗೆ ಹಾಕುವುದು ಇವರ ಕೆಲಸ. ಲಕೋಟೆಗೆ ಅಂಟು ಹಚ್ಚದೆ ಮೇಜಿನ ಮೇಲೆ ಇಡುತ್ತಿದ್ದೇನೆ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಬಿಟ್ಟಿಲ್ಲ.

ಜರ್ಟ್ರೂಡ್ ಅಕ್ಕನಿಗೆ, ಇದು ಕಾಸ್ಮಿರ್ ಬರೆಯುವುದು. ಶನಿವಾರ.
ಎರಡು ಸಲ ಓದಿದೆ. ಮಂಗಳವಾರ ಇವಳು ಬೆಂಕಿಪೆಟ್ಟಿಗೆ ಕಿತ್ತುಕೊಂಡಾಗ ಏಕೆ ಎಂದು ನಾನು ಕೇಳಲಿಲ್ಲ. ಫ್ಲಾಯ್ಡನಿಗೆ ಇವತ್ತು ಹೇಳಿದೆ. ನಾಳೆ ಬಸ್ಸು ಹತ್ತುವುದಿಲ್ಲ, ಕಂಪನಿಯ ಕ್ಲಿನಿಕ್ಕಿಗೆ ಹೋಗಿ ಹೇಳುತ್ತೇನೆ. ಮತ್ತೆ ದೇವರು ನಡೆಸಿದ ಹಾಗೆ. ಇವಳು ನಿಮ್ಮಲ್ಲಿ ಕೇಳಿದ ಸಣ್ಣ ಪ್ರಶ್ನೆಗೆ ಉತ್ತರ ನನ್ನಲ್ಲಿದೆ. ಆ ಊರಿನ ಊಟ ನಾನು ಹಿಂದೆ ಎಂದೂ ತಿಂದದ್ದಲ್ಲ. ಅದರಲ್ಲಿ ಏನು ಇಲ್ಲ ಎಂದು ನನಗೆ ತಿಳಿಯುವುದಿಲ್ಲ, ಹಾಗಾಗಿ ಸುಖವಾಗಿ ತಿಂದೆ. ಇವಳ ಬಂಗುಡೆ ಸಾರು ಬಾಯಿಗಿಟ್ಟರೆ ಏನೇನು ಇಲ್ಲ ಎಂದು ಎಲ್ಲವೂ ನೆನಪಾಗುತ್ತದೆ. ಅದು ನನ್ನಿಂದ ತಡೆಯಲಾಗುವುದಿಲ್ಲ.
ಲಕೋಟೆಗೆ ನಾನೂ ಅಂಟು ಹಚ್ಚುತ್ತಿಲ್ಲ. ಮೇಜಿನ ಮೇಲೆ ಅಲ್ಲಿಯೇ ಇಡುತ್ತೇನೆ. ಇವಳು ಓದಿದ ಮೇಲೆ ನಿಮಗೆ ಬರುತ್ತದೆ.